ಎಡಗಡೆಯ ವೈರ್

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಗೇಟಿನ ಪಕ್ಕದ ಸಣ್ಣ ಕೋಣೆ, ಗುಂಡಿಗಳ ಒಂದು ಬೋರ್ಡು, ತಲೆಗೆ ಸಿಕ್ಕಿಸಿಕೊಳ್ಳುವ ಹೆಡ್‌ಸೆಟ್ಟು. ಅದು ಒಂದೇ ಕಿವಿಯದು. ಮೊದಲ ದಿನ ಬಲಗಿವಿಗೆ ಹಾಕಿಕೊಂಡವಳು ಆಮೇಲೆ ಬದಲಾಯಿಸಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮ್ಯಾನೇಜರನ್ನು, ಸ್ಟೋರ್ಸನ್ನು, ಮೈಸೂರಿನ ಲಾರಿ ಆಫೀಸನ್ನು ಕೇಳುವ ದನಿಗಳು. ಯಾರು ಯಾವ ಹೊತ್ತಿಗೆ ಮನೆಗೆ ಫೋನು ಮಾಡುತ್ತಾರೆ, ಯಾರ ದನಿಯಲ್ಲಿ ಜ್ವರವಿದೆ, ಎಲ್ಲ ನನಗೆ ಗೊತ್ತಾಗುತ್ತಿತ್ತು. ಆದರೆ ಅವರಲ್ಲಿ ಯಾರೂ ನನಗಾಗಿ ಫೋನು ಮಾಡಿದವರಲ್ಲ.

ನಾನು ಮದುವೆಯಾಗಲಿಲ್ಲ. ಎರಡು ಕಡೆ ಮಾತು ಬಂದು ಮುರಿಯಿತು. ಆಮೇಲೆ ಮನೆಯವರು ಸುಮ್ಮನಾದರು, ನಾನೂ ಸುಮ್ಮನಾದೆ. ನಾವು ಹೆಮ್ಮಿಗೆಯವರು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಉಳಿದವಳು ಒಬ್ಬ ಅಕ್ಕ. ಅವಳನ್ನು ತಿರುಮಕೂಡಲು ನರಸೀಪುರಕ್ಕೆ ಕೊಟ್ಟಿದ್ದರು. ನಾನು ನಂಜನಗೂಡಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಸಾಲುಮನೆಯಲ್ಲಿ ಬಾಡಿಗೆಗೆ ಇದ್ದೆ. ಮುಂದೆ ಉದ್ದನೆಯ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ಬಚ್ಚಲು. ಸಂಜೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟ ಜಾಗದಲ್ಲೇ ಇರುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ನನಗೆ ಒಂದು ಆಸೆ ಹುಟ್ಟಿತು. ದಿನವಿಡೀ ಒಂದು ಕಿವಿಗೆ ಒತ್ತಿಕೊಂಡ ದನಿಗಳನ್ನೇ ಕೇಳಿ ಸಾಕಾಗಿತ್ತು. ಮನೆಯಲ್ಲಾದರೂ ಕೋಣೆ ತುಂಬುವಂಥ ಹಾಡು ಬೇಕು, ಎರಡೂ ಕಡೆಯಿಂದ ಬಂದು ನನ್ನ ಮುಂದೆ ಕೂಡಬೇಕು ಅನ್ನಿಸಿತು. ಕಂಪನಿಯ ಸೆಟ್ಟುಗಳು ನನ್ನ ಕೈಗೆ ಎಟುಕುವಂತಿರಲಿಲ್ಲ. ನರಸೀಪುರದಲ್ಲಿ ಅಕ್ಕನ ಮನೆಯ ಬೀದಿಯ ತುದಿಗೆ ರೇಡಿಯೋ ಟೇಪ್ ರಿಪೇರಿ ಮಾಡುವವನೊಬ್ಬನಿದ್ದ. ಅವನೇ ಆಂಪ್ಲಿಫೈಯರ್ ಕಟ್ಟಿಕೊಡುತ್ತಾನೆಂದು ಭಾವ ಹೇಳಿದರು.

"ಕೋಣೆ ಎಷ್ಟುದ್ದ ಅದೆ ಮೇಡಂ? ಡಬ್ಬ ಎಲ್ಲಿ ಮಡಗ್ತೀರಿ?" ಅವನು ಮೊದಲು ಕೇಳಿದ್ದು ಇದನ್ನೇ.

ನಾನು ಅಳತೆ ಮಾಡಿರಲಿಲ್ಲ. ಕೈ ಅಗಲಿಸಿ ಅಂದಾಜು ತೋರಿಸಿದೆ. ಅವನು ನಕ್ಕು ತಲೆಯಾಡಿಸಿದ.

ಸೆಟ್ಟು ತಯಾರಾಗಲು ಒಂದು ಮಳೆಗಾಲ ಕಳೆಯಿತು. ಕ್ಯಾಸೆಟ್ ಹಾಕುವ ಡೆಕ್ಕೂ ಸೇರಿದ್ದ ಕಪ್ಪು ತಗಡಿನ ಆಂಪ್ಲಿಫೈಯರ್, ಅದರ ಮುಖದ ಮೇಲೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ವಾಲ್ಯೂಮ್ ಗುಂಡಿ. ಮರದ ಎರಡು ಸ್ಪೀಕರ್ ಡಬ್ಬ, ಅವಕ್ಕೆ ಕಂದು ಬಣ್ಣದ ಬಟ್ಟೆ. ಭಾವನ ಪರಿಚಯದವರ ವ್ಯಾನಿನಲ್ಲಿ ಅದು ನಂಜನಗೂಡಿಗೆ ಬಂತು. ಮುಂದಿನ ಕೋಣೆಯ ಹಿಂಗೋಡೆಯ ನಡುವೆ ಅಡುಗೆಮನೆಯ ಬಾಗಿಲಿತ್ತು. ಅದರ ಎರಡು ಪಕ್ಕಕ್ಕೂ ಸ್ಟೂಲಿನ ಮೇಲೆ ಒಂದೊಂದು ಡಬ್ಬ ಇಟ್ಟೆ. ಪ್ಲಗ್ ಇದ್ದದ್ದು ಬಲಗಡೆಯಾದ್ದರಿಂದ ಆಂಪ್ಲಿಫೈಯರ್ ಅಲ್ಲೇ ಉಳಿಯಿತು. ಬಲಗಡೆಯ ಡಬ್ಬಕ್ಕೆ ಮೊಳದುದ್ದ ವೈರ್ ಸಾಕಾಯಿತು. ಎಡಗಡೆಯದು ಮಾತ್ರ ಬಾಗಿಲ ಪಟ್ಟಿಯನ್ನು ಹತ್ತಿ, ಮೇಲೆ ಹಾದು, ಆ ಕಡೆ ಇಳಿದು ಹೋಗಬೇಕಿತ್ತು. ರಿಪೇರಿಯವನು ಕೊಟ್ಟದ್ದು ಮನೆಯ ಕಾಲಿಂಗ್ ಬೆಲ್‌ಗೆ ಹಾಕುವಂಥ ತೆಳುವಾದ ಜೋಡಿ ವೈರ್. ಒಂದು ಎಳೆಗೆ ಕೆಂಪು ಗೆರೆ ಇತ್ತು. "ಕೆಂಪು ಕೆಂಪಿಗೇ ಸೇರ್ಬೇಕು, ಉಲ್ಟಾ ಆದ್ರೆ ಸೌಂಡ್ ಟೊಳ್ಳಾಯ್ತದೆ" ಎಂದು ಅವನು ಹೇಳಿಕಳಿಸಿದ್ದ. ಹಾಗೇ ಸೇರಿಸಿದೆ.

ಮೊದಲ ಸಂಜೆ ಕುರ್ಚಿಯನ್ನು ಕೋಣೆಯ ನಡುವಿಗೆ ಎಳೆದುಕೊಂಡು ಕೂತೆ. ಕೊಳಲು ಎಡದಿಂದ, ಮೃದಂಗ ಬಲದಿಂದ, ಹಾಡುವವಳು ಬಾಗಿಲ ಮುಂದೆ ನಿಂತ ಹಾಗೆ ನೇರ ನನ್ನ ಎದುರಿಗೆ. ಅಡುಗೆಯನ್ನು ಮರೆತು ಎರಡು ಕ್ಯಾಸೆಟ್ಟು ಪೂರ್ತಿ ಕೇಳಿದೆ. ಆ ಮನೆಯಲ್ಲಿ ನನ್ನ ಜೊತೆ ಇನ್ನೊಬ್ಬರಿದ್ದಾರೆ ಅನ್ನಿಸಿದ್ದು ಆಗ.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಯಾವಾಗಲೋ ಹಾಡುವವಳು ಬಲಕ್ಕೆ ಸರಿಯತೊಡಗಿದಳು. ಬಾಗಿಲ ನಡುವಿನಿಂದ ಬಾಗಿಲ ಚೌಕಟ್ಟಿಗೆ, ಅಲ್ಲಿಂದ ಬಲ ಸ್ಪೀಕರಿನ ಹತ್ತಿರಕ್ಕೆ. ಕೊಳಲು ಸೊರಗಿತು. ಎಡಗಡೆಯ ಗುಂಡಿಯನ್ನು ಸ್ವಲ್ಪ ತಿರುಗಿಸಿದೆ, ಸರಿಹೋಯಿತು. ಕೆಲವು ತಿಂಗಳಾದ ಮೇಲೆ ಇನ್ನೂ ಸ್ವಲ್ಪ ತಿರುಗಿಸಬೇಕಾಯಿತು.

ಡಬ್ಬ ಕೆಟ್ಟಿರಬೇಕೆಂದು ಎರಡನ್ನೂ ಅದಲುಬದಲು ಮಾಡಿ ನೋಡಿದೆ. ಆಗಲೂ ಎಡಗಡೆಯೇ ಸಣ್ಣಗೆ ಕೇಳುತ್ತಿತ್ತು. ಅಂದಮೇಲೆ ಡಬ್ಬ ಸರಿಯಿದೆ. ಕಾರ್ಖಾನೆಯಿಂದಲೇ ನರಸೀಪುರದ ರಿಪೇರಿಯವನಿಗೆ ಫೋನು ಮಾಡಿದೆ.

"ಆ ಕಡೆಗೆ ವೈರ್ ಉದ್ದ ಅದಲ್ವಾ ಮೇಡಂ? ಉದ್ದ ಆದ್ರೆ ಸಣ್ಣ ವೈರು ಸೌಂಡ್ ತಿಂದಾಕ್ಬುಡ್ತದೆ. ಗದ್ದೆಗೆ ಸಣ್ಣ ಪೈಪಲ್ಲಿ ದೂರಕ್ಕೆ ನೀರು ಬುಟ್ರೆ ತುದೀಲಿ ಏನು ಬತ್ತದೆ? ಅಂಗೇಯ. ವಸಿ ದಪ್ಪಂದು ಆಕಿ ನೋಡಿ."

ಅವನು ಹೇಳಿದ್ದು ತಪ್ಪಲ್ಲ. ತೆಳು ವೈರಿನಲ್ಲಿ, ಅದೂ ಉದ್ದವಾದಾಗ, ಸ್ವಲ್ಪ ಶಕ್ತಿ ದಾರಿಯಲ್ಲೇ ಕಳೆದುಹೋಗುತ್ತದೆ. ಆದರೆ ನನ್ನ ಕೋಣೆಯಷ್ಟು ಜಾಗದಲ್ಲಿ ಕಳೆಯುವುದು ಕಿವಿಗೆ ಗೊತ್ತಾಗುವಷ್ಟಲ್ಲ. ಅದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬಜಾರಿನ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ದಪ್ಪ ವೈರ್ ಬೇಕು ಎಂದಾಗ ಅಂಗಡಿಯಾತ, "ಗ್ರೈಂಡರ್‌ಗಾ ಮೇಡಂ?" ಅಂದ.

"ಅಲ್ಲ, ಸ್ಪೀಕರ್‌ಗೆ."

"ಸ್ಪೀಕರ್‌ಗಾ? ಎಷ್ಟು ಎಳೇದು ಬೇಕು? ಇದು ಇಪ್ಪತ್ಮೂರು, ಇದು ನಲವತ್ತು." ಎರಡು ವೈರಿನ ತುದಿಯನ್ನೂ ಹಲ್ಲಿನಿಂದ ಕಚ್ಚಿ ಸುಲಿದು ಒಳಗಿನ ತಾಮ್ರದ ಕೂದಲುಗಳನ್ನು ಬಿಡಿಸಿ ತೋರಿಸಿದ. "ಎಳೆ ಜಾಸ್ತಿ ಇದ್ದಂಗೂ ಕರೆಂಟು ಸಲೀಸಾಗಿ ಓಡ್ತದೆ. ಮನೇಗಾದ್ರೆ ಇಪ್ಪತ್ಮೂರೇ ಸಾಕು ಕಣ್ರೀ."

ಅದನ್ನೇ ತಂದೆ. ಹಾಕಿದ ದಿನ ಹಾಡುವವಳು ನಡುವಿಗೆ ಬಂದಳು. ಬಂದಳೆಂದು ನನಗನ್ನಿಸಿತು. ಹೊಸ ವೈರ್ ತಂದವರಿಗೆ ಹಾಗೆ ಅನ್ನಿಸುತ್ತದೆ. ತಿಂಗಳೊಳಗೆ ಅವಳು ಮತ್ತೆ ಸರಿದಿದ್ದಳು.

ನಲವತ್ತು ಎಳೆಯದನ್ನು ತಂದೆ. ಎರಡು ಕಡೆಗೂ ಒಂದೇ ಉದ್ದ ಇರಬೇಕೆಂದು ಯಾರೋ ಹೇಳಿದ್ದರಿಂದ ಬಲಗಡೆಗೂ ಅಷ್ಟೇ ಉದ್ದ ಕತ್ತರಿಸಿ, ಹೆಚ್ಚಾದದ್ದನ್ನು ಡಬ್ಬದ ಹಿಂದೆ ಸುತ್ತಿಟ್ಟೆ. ಫಲ ಸಿಗಲಿಲ್ಲ. ಆಂಪ್ಲಿಫೈಯರಿನದೇ ದೋಷವಿರಬಹುದೆಂದು ಒಂದು ಭಾನುವಾರ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನರಸೀಪುರಕ್ಕೆ ಹೋದೆ. ರಿಪೇರಿಯವನು ಮೇಲಿನ ತಗಡು ಬಿಚ್ಚಿ, ಮೀಟರಿನ ಮುಳ್ಳು ನೋಡಿ, ತನ್ನ ಅಂಗಡಿಯ ಡಬ್ಬಗಳಿಗೆ ಜೋಡಿಸಿ ಕೇಳಿ ನೋಡಿದ.

"ಎಲ್ಡೂ ಒಂದೇ ಸಮ ಅದೆ ಮೇಡಂ. ಇದ್ರಲ್ಲೇನೂ ಇಲ್ಲ."

ಅಂಗಡಿ ರಸ್ತೆಯ ಮೇಲೇ ಇತ್ತು. ಬಸ್ಸು, ಟ್ರಾಕ್ಟರಿನ ಗದ್ದಲದಲ್ಲಿ ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಅವನು ಸರಿಯಾಗಿ ನೋಡದೇ ಹೇಳುತ್ತಿದ್ದಾನೆ ಅನ್ನಿಸಿ ಬೇಸರದಿಂದ ಎದ್ದು ಬಂದೆ. ಅಕ್ಕನ ಮನೆ ಅದೇ ಬೀದಿಯಲ್ಲಿದ್ದರೂ ಹೋಗಲಿಲ್ಲ. ಯಾಕೋ ಅವಳೂ ಈಚೆಗೆ ನನ್ನ ಜೊತೆ ಬಿಗಿಯಾಗಿದ್ದಳು. ಮೊದಲಾದರೆ ಹುಣ್ಣಿಮೆಗೆ, ಸೋಮವಾರಕ್ಕೆ ದೇವಸ್ಥಾನದ ನೆಪ ಮಾಡಿಕೊಂಡು ಬರುತ್ತಿದ್ದಳು. ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಕೂದಲಿನಲ್ಲೇ ನನ್ನ ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದಳು. ಅದು ನಿಂತುಹೋಗಿತ್ತು.

ಅವಳೊಬ್ಬಳೇ ಅಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಅಕೌಂಟ್ಸ್‌ನ ಹೆಂಗಸರಿಬ್ಬರು ಬೇರೆ ಮೇಜಿಗೆ ಹೋದರು. ಪಕ್ಕದ ಮನೆಯಾಕೆ ಬೆಳಿಗ್ಗೆ ರಂಗೋಲಿ ಹಾಕುವಾಗ ನನ್ನನ್ನು ಕಂಡರೆ ಒಂದು ನಗು ನಗುತ್ತಿದ್ದವಳು, ಈಗ ತಲೆ ಎತ್ತುತ್ತಿರಲಿಲ್ಲ. ವಯಸ್ಸಾದ ಒಂಟಿ ಹೆಂಗಸಿನಿಂದ ಜನ ಹೀಗೇ ದೂರವಾಗುತ್ತಾರೇನೋ ಅಂದುಕೊಂಡೆ. ನಾನೇನು ಮಾಡಿದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರು ಹೋದಷ್ಟೂ ನಾನು ಸಂಜೆ ಬಂದು ವೈರುಗಳ ಮುಂದೆ ಕೂರುವುದು ಹೆಚ್ಚಾಯಿತು.

ಕೊನೆಗೆ ಪಂಪ್‌ಸೆಟ್ ಮೋಟರಿಗೆ ಎಳೆಯುವ ವೈರನ್ನೇ ತಂದೆ. ಕಿರುಬೆರಳಿನಷ್ಟು ದಪ್ಪ. ಬಗ್ಗಿಸಿದರೆ ಬಗ್ಗುತ್ತಿರಲಿಲ್ಲ. ಆಂಪ್ಲಿಫೈಯರಿನ ಹಿಂದಿನ ತೂತಿಗೆ ಅದರ ತುದಿ ಹೋಗಲಿಲ್ಲ. ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗೆ ಹೇಳಿ ಅದಕ್ಕೊಂದು ಸಣ್ಣ ತುಂಡು ಬೆಸುಗೆ ಹಾಕಿಸಿಕೊಂಡು ಬಂದೆ. ಆತ ವೈರನ್ನೂ ನನ್ನನ್ನೂ ನೋಡಿ, "ಮೇಡಂ, ಇದ್ರಲ್ಲಿ ಬೋರ್‌ವೆಲ್ ಓಡಿಸ್ಬೋದು" ಅಂದಿದ್ದ. ಬಾಗಿಲ ಮೇಲೆ ಅದು ಹಾವಿನ ಹಾಗೆ ಜೋತುಬಿದ್ದಿತ್ತು. ಎಡಗಡೆಯ ಗುಂಡಿ ಆ ಹೊತ್ತಿಗೆ ತುದಿ ಮುಟ್ಟುವುದರಲ್ಲಿತ್ತು. ಕಟ್ಟಡದಲ್ಲೇ ಏನೋ ಇದೆ, ಆ ಮೂಲೆಯ ಗೋಡೆ ತೇವ ಹೀರಿಕೊಂಡು ಸದ್ದನ್ನೂ ಹೀರುತ್ತಿದೆ ಎಂದೆಲ್ಲ ಯೋಚಿಸತೊಡಗಿದ್ದೆ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಅಕ್ಕ ಬಂದಳು. ಭಾವನಿಗೆ ಹರಕೆಯಿತ್ತಂತೆ; ಅವರು ದೇವಸ್ಥಾನದ ಹತ್ತಿರ ಯಾರನ್ನೋ ಮಾತಾಡಿಸುತ್ತ ಉಳಿದಿದ್ದರು, ಇವಳೊಬ್ಬಳೇ ಮನೆಗೆ ಬಂದಿದ್ದಳು. ಪ್ರಸಾದದ ಪೊಟ್ಟಣ ಮೇಜಿನ ಮೇಲಿಟ್ಟು, ಕೋಣೆಯಲ್ಲಿ ಇದ್ದ ಒಂದೇ ಕುರ್ಚಿಯ ಮೇಲೆ ಕೂತಳು. ಮಾತಿಗೆ ತಡಕಾಡುವುದು ತಪ್ಪಲಿ ಎಂದು ನಾನು ಕ್ಯಾಸೆಟ್ ಹಾಕಿ ಕಾಫಿ ಮಾಡಲು ಒಳಗೆ ಹೋದೆ. ವಾಪಸು ಬಂದರೆ ಅವಳು ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದಳು.

"ಇದೇನೇ ಇದು! ಈ ಎಡಗಡೆ ಡಬ್ಬ ಇಂಗೆ ಬಡ್ಕತಾ ಅದೆ?"

"ಯಾವುದು?"

"ಇದೇ ಕಣೇ, ಈ ಕಡೇದು. ಆ ಕಡೇದು ಕೇಳ್ಸೋದೇ ಇಲ್ಲ, ಇದೊಂದು ತಲೆ ಮೇಲೆ ಕುಟ್ದಂಗೆ ಕುಟ್ತದೆ."

"ಇಲ್ಲ ಅಕ್ಕ, ಎಡಗಡೆಯದೇ ಸಣ್ಣಗಿರೋದು. ಅದಕ್ಕೇ ಈ ವೈರೆಲ್ಲ ಹಾಕಿದ್ದು."

ಅವಳು ನನ್ನ ಮುಖ ನೋಡಿದಳು. ಎದ್ದು ಬಂದು ಕಾಫಿಯ ಲೋಟಗಳನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. ಕ್ಯಾಸೆಟ್ ನಿಲ್ಲಿಸು ಎಂದಳು. ನಿಲ್ಲಿಸಿದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬಲಗಿವಿಗೆ ತನ್ನ ಅಂಗೈ ಒತ್ತಿಹಿಡಿದು ಎಡಗಡೆಗೆ ಬಗ್ಗಿದಳು. ಅವಳ ಉಸಿರು ಕೆನ್ನೆಗೆ ತಾಗುತ್ತಿತ್ತು. ಕೈ ತೆಗೆದು, "ಏನಂದೆ ನಾನು?" ಎಂದು ಕೇಳಿದಳು.

"ನೀನು ಏನೂ ಅನ್ನಲಿಲ್ಲವಲ್ಲ."

ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಆವತ್ತು ನಮ್ಮನೇಲಿ ನೀನು ಕಾಯಿ ತುರೀತಿದ್ದೆ," ಎಂದು ಶುರುಮಾಡಿದಳು. "ಮನೆ ಮೇಲೆ ರೂಮು ಕಟ್ಟಿಸಿದ್ವಲ್ಲ, ಆಗ. ನಾನು ನಿನ್ನ ಪಕ್ಕ ಕುಂತ್ಕಂಡು ಕೇಳ್ದೆ. ಬಂದ್ಬುಡು ಮಗಾ, ಮೇಲಿನ ರೂಮಲ್ಲಿ ಇರೀವಂತೆ, ಇಲ್ಲಿಂದ್ಲೇ ಬಸ್ಸಲ್ಲಿ ಕೆಲ್ಸಕ್ಕೆ ಓಗು, ಒಬ್ಳೇ ಯಾಕೆ ಅಲ್ಲಿ ಬಿದ್ದಿರ್ತೀಯ ಅಂದೆ. ನೀನು ತಲೆನೂ ಎತ್ಲಿಲ್ಲ. ಕಾಯಿ ತುರೀತಾನೇ ಇದ್ದೆ."

"ನನಗೆ ಕೇಳಿಸಲಿಲ್ಲ ಅಕ್ಕ."

"ಈಗ ಗೊತ್ತಾಯ್ತಲ್ಲ. ಆವತ್ತು ನನಗೆ ಏನನ್ನಿಸ್ಬೇಕು ಏಳು? ಅಕ್ಕನ ಮನೆ ಹಂಗು ಬ್ಯಾಡ ಇವ್ಳಿಗೆ ಅಂತ ಸುಮ್ಕಾದೆ. ನಿಮ್ಮ ಭಾವಂಗೂ ಅದ್ನೇ ಅಂದೆ."

ಆ ರೂಮಿನಲ್ಲಿ ಅಷ್ಟು ಹೊತ್ತಿಗೆ ಭಾವನ ತಂಗಿಯ ಮಗ ಸಂಸಾರ ಹೂಡಿದ್ದ. ಅವನ ಮಗುವಿಗೆ ಆಗಲೇ ಹೆಜ್ಜೆ ಬಂದಿತ್ತು. ಅವರನ್ನು ಏಳಿಸುವ ಮಾತೇ ಇರಲಿಲ್ಲ. ಆರಿದ ಕಾಫಿಯನ್ನು ಇಬ್ಬರೂ ಕುಡಿದೆವು. ಅವಳು ಬಲಗಡೆಗೆ ಸರಿದು ಕೂತು, ಭಾವ ಬಂದು ಬಾಗಿಲು ತಟ್ಟುವವರೆಗೆ ನನ್ನ ಕೈ ಹಿಡಿದುಕೊಂಡಿದ್ದಳು.

ಮಾರನೆಯ ದಿನ ಬೋರ್ಡಿನ ಮುಂದೆ ಕೂತಾಗ, ಅಷ್ಟು ವರ್ಷದಲ್ಲಿ ಮೊದಲ ಸಲ ಹೆಡ್‌ಸೆಟ್ಟನ್ನು ಎಡಗಿವಿಗೆ ಹಿಡಿದು ನೋಡಿದೆ. ಡಯಲ್ ಟೋನ್ ತುಂಬ ದೂರದಲ್ಲಿ, ಯಾರದೋ ಗದ್ದೆಯ ಆಚೆ ಪಂಪ್‌ಸೆಟ್ ಓಡುತ್ತಿರುವ ಹಾಗೆ ಸಣ್ಣಗೆ ಕೇಳಿತು. ಅದರ ಮೇಲೆ ಒಬ್ಬರು ಮಾತಾಡಿದ್ದರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಬಲಗಿವಿಯೊಂದರಿಂದಲೇ ಕೆಲಸ ಸಾಗುತ್ತಿದ್ದುದರಿಂದ ಕಾರ್ಖಾನೆಯಲ್ಲಿ ನನಗೂ ತಿಳಿದಿರಲಿಲ್ಲ, ಬೇರೆಯವರಿಗೂ ತಿಳಿದಿರಲಿಲ್ಲ.

ಮೈಸೂರಿನಲ್ಲಿ ಕಿವಿಯ ಡಾಕ್ಟರರು ಪರೀಕ್ಷೆ ಮಾಡಿದರು. ಸದ್ದೇ ಬಾರದ ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕೇಳಿಸಿದಾಗ ಕೈ ಎತ್ತಿ ಎಂದರು. ಬಲಗಿವಿಗೆ ಸರಸರನೆ ಕೈ ಎತ್ತಿದೆ. ಎಡಗಿವಿಯ ಸರದಿ ಬಂದಾಗ ಕೈ ತೊಡೆಯ ಮೇಲೇ ಉಳಿಯಿತು. ಗಾಜಿನ ಆಚೆ ಹುಡುಗಿ ಗುಂಡಿ ತಿರುಗಿಸುತ್ತಿರುವುದು ಕಾಣುತ್ತಿತ್ತು. ಅವಳನ್ನು ನೋಡಿ ಎರಡು ಸಲ ಸುಮ್ಮನೆ ಕೈ ಎತ್ತಿದೆ. ಅವಳು ಬೇಡವೆಂದು ತಲೆಯಾಡಿಸಿದಳು.

ಕಿವಿಯೊಳಗಿನ ಅತಿ ಸಣ್ಣ ಮೂಳೆಯೊಂದು ಬಿಗಿದುಕೊಂಡಿದೆ, ಹಲವು ವರ್ಷಗಳಿಂದ ನಿಧಾನವಾಗಿ ಆದದ್ದು ಎಂದು ಡಾಕ್ಟರರು ಹೇಳಿದರು. ಬರೆದುಕೊಳ್ಳುತ್ತಲೇ, "ಇಷ್ಟು ದಿನ ಮನೇಲಿ ಯಾರೂ ಗಮನಿಸ್ಲಿಲ್ವಾ?" ಅಂದರು.

"ಮನೇಲಿ ಯಾರೂ ಇಲ್ಲ ಸಾರ್," ಅಂದೆ.

ಅವರು ಪೆನ್ನು ನಿಲ್ಲಿಸಿ, ಸರಿ ಎಂದು ಮತ್ತೆ ಬರೆದರು. ಆಪರೇಷನ್ ಮಾಡಬಹುದು, ಆದರೆ ಖಾತ್ರಿ ಇಲ್ಲ, ಮೊದಲ ಕೆಲವು ದಿನ ತಲೆಸುತ್ತು ಇರುತ್ತದೆ, ಜೊತೆಗೆ ಒಬ್ಬರು ಇರಲೇಬೇಕು ಎಂದರು. ಜೊತೆಗೆ ಒಬ್ಬರು ಎಂಬ ಮಾತಿಗೆ ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಅಕ್ಕನನ್ನು ಕೇಳಿದ್ದರೆ ಬರುತ್ತಿದ್ದಳು. ಕೇಳಲಿಲ್ಲ. ಕಿವಿಯ ಹಿಂದೆ ಸಿಕ್ಕಿಸುವ ಮಿಷನ್ನು ಸಾಕು ಎಂದು ಬಂದೆ.

ಪಂಪ್‌ಸೆಟ್ಟಿನ ವೈರನ್ನು ಕಿತ್ತು ಎಲೆಕ್ಟ್ರಿಷಿಯನ್‌ಗೆ ಕೊಟ್ಟೆ. ಇಪ್ಪತ್ಮೂರು ಎಳೆಯದನ್ನೇ ಮತ್ತೆ ಬಾಗಿಲ ಮೇಲಿಂದ ಎಳೆದೆ. ಗುಂಡಿಗಳೆರಡನ್ನೂ ಒಂದೇ ಅಳತೆಗೆ ತಂದು ಕೂತರೆ ಹಾಡೆಲ್ಲ ಬಲಗಡೆಯೇ ಕೂತಿತ್ತು. ಮಿಷನ್ ಹಾಕಿಕೊಂಡರೆ ತಗಡಿನ ಮೇಲೆ ಹಾಡಿದ ಹಾಗೆ ಕೇಳುತ್ತಿತ್ತು. ಅದಕ್ಕೇ ಹಾಡು ಕೇಳುವಾಗ ಅದನ್ನು ತೆಗೆದಿಟ್ಟು, ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿ ಬಲಗಿವಿ ಸ್ಪೀಕರುಗಳ ಕಡೆಗೆ ಬರುವಂತೆ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ. ಎದುರಿಗೆ ಖಾಲಿ ಗೋಡೆ. ಕೊಳಲೂ ಮೃದಂಗವೂ ಒಂದೇ ಕಡೆಯಿಂದ ಬರುತ್ತಿದ್ದವು. ಮೊದಲ ಸಂಜೆಯ ಹಾಗೆ ಯಾರೂ ನನ್ನ ಮುಂದೆ ಬಂದು ನಿಲ್ಲಲಿಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಕಾರ್ಖಾನೆಗೆ ಕರೆಗಳನ್ನು ತನ್ನಿಂದ ತಾನೇ ಜೋಡಿಸುವ ಎಕ್ಸ್‌ಚೇಂಜ್ ಬಂತು. ನನ್ನ ಬೋರ್ಡನ್ನು ತೆಗೆದುಬಿಟ್ಟರು, ನನ್ನನ್ನು ಸ್ಟೋರ್ಸಿಗೆ ಹಾಕಿದರು. ಅಲ್ಲಿ ಜನ ಎದುರಿಗೇ ನಿಂತು ಮಾತಾಡುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಅಕೌಂಟ್ಸ್‌ನ ಹೆಂಗಸರ ಮೇಜಿಗೆ ಹೋಗಿ ಕಿವಿಯ ವಿಷಯ ಹೇಳಿದೆ.

"ಅಯ್ಯೋ, ಮಾತಾಡ್ಸಿದ್ರೂ ತಿರುಗಿ ನೋಡಲ್ಲ, ಮ್ಯಾನೇಜರ ಫೋನೆಲ್ಲ ಇವ್ರ ಕೈಲೇ ಅಲ್ವಾ, ಅದ್ಕೇ ಗತ್ತು ಅಂದ್ಕೊಂಡಿದ್ವಿ," ಎಂದು ಅವರಲ್ಲಿ ಹಿರಿಯಾಕೆ ನನ್ನ ಕೈ ಮುಟ್ಟಿದಳು. ಅವತ್ತಿನಿಂದ ನನಗೆ ಮೇಜಿನ ಎಡತುದಿಯ ಜಾಗ ಬಿಟ್ಟರು, ಎಲ್ಲರೂ ಬಲಗಡೆಗೇ ಬರಲಿ ಎಂದು. ಆದರೆ ಅವರ ಮಾತುಕತೆ ನಾನಿಲ್ಲದೆ ಬಹಳ ಮುಂದೆ ಹೋಗಿತ್ತು. ಯಾರ ಮಗಳು, ಯಾವ ಮದುವೆ, ಯಾವ ಜಗಳ ಎಂದು ನಡುನಡುವೆ ಕೇಳಬೇಕಾಗುತ್ತಿತ್ತು. ಅವರು ಹೇಳುತ್ತಿದ್ದರು, ಸ್ವಲ್ಪ ಹೊತ್ತಾದ ಮೇಲೆ ನಾನೇ ಕೇಳುವುದನ್ನು ಬಿಡುತ್ತಿದ್ದೆ.

ಆ ದಿನಗಳಲ್ಲಿ ಎಲ್ಲರ ಮನೆಗೂ ಹೋಮ್ ಥಿಯೇಟರ್ ಬರುತ್ತಿತ್ತು. ವೈರಿನ ಹುಚ್ಚಿನವಳೆಂದು ನನ್ನ ಹೆಸರು ಎಲೆಕ್ಟ್ರಿಷಿಯನ್ನಿಂದ ಹಬ್ಬಿತ್ತೋ ಏನೋ, ಯಾವುದು ಹಾಕಬೇಕು ಎಂದು ಕೇಳಲು ಬರುತ್ತಿದ್ದರು. ಮೊದಲು ಹಗ್ಗ ಹಿಡಿದು ದೂರ ಅಳೆಯಿರಿ ಎನ್ನುತ್ತಿದ್ದೆ. ಗೋಡೆ, ಬಾಗಿಲು ಸುತ್ತಿ ಹೋಗುವ ದಾರಿಯನ್ನೂ ಸೇರಿಸಿ. ಡಬ್ಬದ ಹಿಂದೆ ತಡೆ ಎಷ್ಟು ಓಮ್ ಎಂದು ಬರೆದಿದೆ ನೋಡಿ. ಅದು ಕಡಿಮೆಯಿದ್ದು ದೂರ ಹೆಚ್ಚಿದ್ದರೆ ನಲವತ್ತು ಎಳೆ, ಇಲ್ಲವಾದರೆ ಇಪ್ಪತ್ಮೂರು ಧಾರಾಳ. ಅದಕ್ಕಿಂತ ದಪ್ಪನೆಯದು ಮನೆಗೆ ಬೇಕಿಲ್ಲ. ಎಲ್ಲ ಹಾಕಿದ ಮೇಲೆ ಮನೆಯವರನ್ನೊಮ್ಮೆ ಕೂರಿಸಿ, ನಿಮಗೆ ಕೇಳಿದ್ದೇ ಅವರಿಗೂ ಕೇಳುತ್ತದಾ ಎಂದು ಕೇಳಿ. ಈ ಕೊನೆಯ ಮಾತಿಗೆ ಅವರು ನಗುತ್ತಿದ್ದರು.

ಪಕ್ಕದ ಮನೆಯಾಕೆಗೆ ಹೇಳಬೇಕೆಂದುಕೊಂಡೇ ದಿನ ಹೋಯಿತು. ಅವಳ ಗಂಡನಿಗೆ ವರ್ಗವಾಗಿ ಅವರು ಒಂದು ಬೆಳಿಗ್ಗೆ ಸಾಮಾನು ಕಟ್ಟಿಕೊಂಡು ಹೊರಟರು. ಲಾರಿ ಹತ್ತುವಾಗ ಅವಳು ನನ್ನ ಕಡೆ ತಿರುಗಿ ಏನೋ ಅಂದಳು. ನಾನು ಮಿಷನ್ ಹಾಕಿಕೊಂಡಿದ್ದೆ, ಆದರೂ ಲಾರಿಯ ಇಂಜಿನ್ನಿನ ಸದ್ದಿನಲ್ಲಿ ಅದು ಏನೆಂದು ತಿಳಿಯಲಿಲ್ಲ. ಕೈ ಎತ್ತಿದೆ. ಅವಳೂ ಎತ್ತಿದಳು.

ಮುಂದಿನ ತಿಂಗಳು ಆ ಮನೆಗೆ ಗಂಡ ಹೆಂಡತಿ ಇಬ್ಬರು ಬಂದರು. ಇಬ್ಬರೂ ಕೈಗಾರಿಕಾ ಪ್ರದೇಶದಲ್ಲೇ ಕೆಲಸಕ್ಕಿದ್ದವರು. ಹಾಲು ಉಕ್ಕಿಸಿದ ದಿನ ಸಂಜೆ ನಾನು ಅವರ ಬಾಗಿಲಿಗೆ ಹೋಗಿ ನಿಂತೆ. ಹೆಂಡತಿ ಹೊರಗೆ ಬಂದಳು.

"ನಾನು ಪಕ್ಕದ ಮನೆಯವಳು," ಅಂದೆ. "ನನಗೆ ಎಡಗಿವಿ ಕೇಳಲ್ಲ. ನೀವು ಕರೆದಾಗ ನಾನು ಮಾತಾಡದಿದ್ದರೆ ಬೇಜಾರು ಮಾಡ್ಕೋಬೇಡಿ, ಈ ಬಲಗಡೆಗೆ ಬಂದು ಕರೀರಿ."

"ಆಗ್ಲಿ ಆಂಟಿ," ಎಂದಳು ಆಕೆ. ಒಂದು ತಟ್ಟೆಯಲ್ಲಿ ಸಿಹಿ ತಂದುಕೊಟ್ಟು, ಒಳಗೆ ಗಂಡ ಕರೆಯುತ್ತಿದ್ದಾರೆ ಎಂದು ಹೋದಳು. ತಟ್ಟೆಯನ್ನು ಹಿಡಿದುಕೊಂಡು ನಾನು ಮನೆಗೆ ಬಂದೆ, ನಾಳೆ ತೊಳೆದು ವಾಪಸು ಕೊಡುವಾಗ ಖಾಲಿ ಕೊಡಬಾರದು, ಅದರಲ್ಲಿ ಏನು ಹಾಕಲಿ ಎಂದು ಯೋಚಿಸುತ್ತ.